ಮಿಕ್ಸಿಯ ಕೊರಳು

ಎಳ್ಳಮಾವಾಸ್ಯೆಗೆ ಇನ್ನು ನಾಲ್ಕೇ ದಿನ ಇದ್ದಾಗ ನಮ್ಮ ಮನೆಯ ಮಿಕ್ಸಿ ನಿಂತಿತು. ಕಲಬುರಗಿ ಸೀಮೆಯಲ್ಲಿ ಆ ದಿನ ಊರಿಗೆ ಊರೇ ಹೊಲಕ್ಕೆ ಹೊರಡುತ್ತದೆ. ಸಜ್ಜೆ ರೊಟ್ಟಿ, ಕಡುಬು, ಭಜ್ಜಿ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಜೊತೆಗೆ ಎರಡು ಮೂರು ಬಗೆಯ ಹಿಂಡಿ, ಎಂದರೆ ಚಟ್ನಿಪುಡಿ, ಕಟ್ಟಿಕೊಂಡು ಹೋಗಿ, ಬೆಳೆಗೆ ಎಡೆಯಾಗಿ ಅಡುಗೆಯ ಚರಗ ಚೆಲ್ಲಿ, ಗಿಡದ ನೆರಳಿನಲ್ಲಿ ಎಲ್ಲರೂ ಕುಳಿತು ಉಣ್ಣುವ ಹಬ್ಬ ಅದು. ಅಷ್ಟೂ ಅಡುಗೆಗೆ ಶೇಂಗಾ, ಎಳ್ಳು, ಅಗಸಿ, ಗುರೆಳ್ಳು ಕಿಲೋಗಟ್ಟಲೆ ಪುಡಿಯಾಗಬೇಕು. ಹುರಿದು ಸಿಪ್ಪೆ ತೆಗೆದ ಶೇಂಗಾದ ಎರಡನೆಯ ಜಾರು ತಿರುಗುತ್ತಿರುವಾಗ ಮಿಕ್ಸಿ ಒಮ್ಮೆ ಕೆಮ್ಮಿದಂತೆ ಸದ್ದು ಮಾಡಿ ಸುಮ್ಮನಾಯಿತು. ಅತ್ತೆಯವರು ಅದರ ಹೊಟ್ಟೆಗೆ ಎರಡು ಬಾರಿ ತಟ್ಟಿದರು, ಅತ್ತಿತ್ತ ಅಲ್ಲಾಡಿಸಿದರು, ತಳದ ಕೆಂಪು ಗುಂಡಿಯನ್ನೂ ಒತ್ತಿ ನೋಡಿದರು. ಏನೂ ಆಗಲಿಲ್ಲ. "ಇವತ್ತು ಏಳಂಗಿಲ್ಲ ಬಿಡವ್ವಾ ಇದು" ಎಂದು ಜಾರಿನಲ್ಲಿದ್ದ ಅರೆನುರಿದ ಶೇಂಗಾವನ್ನು ಪರಾತಕ್ಕೆ ಸುರುವಿದರು.

ಮರುದಿನ ಶಾಲೆಗೆ ಹೋಗುವ ದಾರಿಯಲ್ಲಿ ಅದನ್ನು ಪೇಟೆಯ ಒಂದು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರು ಮಿಕ್ಸಿಯನ್ನು ಬಿಚ್ಚಲಿಲ್ಲ. ಪ್ಲಗ್ ಹಾಕಿ ಗುಂಡಿ ತಿರುಗಿಸಿದರು, ತಳವನ್ನು ಮೂಗಿನ ಹತ್ತಿರ ತಂದು ಮೂಸಿದರು, ಮೋಟರ್ ಸುಟ್ಟಿದೆ, ಅದಕ್ಕೆ ದುಡ್ಡು ಹಾಕುವುದಕ್ಕಿಂತ ಹೊಸದನ್ನೇ ತಗೊಳ್ಳಿರಿ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮೇಜಿನ ಮೇಲೆ ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಫ್ಯಾನುಗಳ ರಾಶಿಯೇ ಇತ್ತು. ಒಂದು ಯಂತ್ರ ಬಿಚ್ಚಿ ನೋಡಲು ಹಿಡಿಯುವ ಒಂದು ತಾಸಿನ ಬೆಲೆ ಅದರೊಳಗಿನ ಬಿಡಿಭಾಗದ ಬೆಲೆಗಿಂತ ಹೆಚ್ಚಾಗಿರುವ ಕಾಲದಲ್ಲಿ ಅವರು ಇನ್ನೇನು ಹೇಳಿಯಾರು ಎಂದು ಈಗಲೂ ಅನ್ನಿಸುತ್ತದೆ. ಮನೆಯವರೂ ಹೊಸದೇ ತರೋಣ ಎಂದರು. ನಾನೂ ಒಪ್ಪಿದ್ದೆ. ಆದರೆ ರಾತ್ರಿ ಪಾತ್ರೆ ತೊಳೆಯುವಾಗ ಅತ್ತೆಯವರು ಯಾರಿಗೂ ಅಲ್ಲ ಎನ್ನುವಂತೆ ಆಡಿದ ಒಂದು ಮಾತು ನನ್ನನ್ನು ಅಲ್ಲೇ ನಿಲ್ಲಿಸಿತು: "ದೀಪಾವಳಿಯಿಂದ ಹೇಳ್ಲತ್ತೀನಿ, ಯಾರ್ ಕೇಳ್ತೀರಿ?"

ಅವರು ಹೇಳಿದ್ದು ನಿಜ. ದೀಪಾವಳಿಯ ಹೊತ್ತಿಗೆ ಅವರು ನನ್ನ ಮುಂದೆ, "ಮಿಕ್ಸಿ ಕೊರಳು ಬಿದ್ದಂಗ ಆಗ್ಯದ ನೋಡು" ಎಂದಿದ್ದರು. ಅದಾದ ಕೆಲವು ದಿನಕ್ಕೆ, ಕರೆಂಟು ಬಂದು ಹೋಗಿ ಮಾಡುತ್ತಿದ್ದ ಒಂದು ಸಂಜೆ, ಲೈಟು ಇಲ್ಲದಾಗ ಚಟ್ನಿ ರುಬ್ಬಲು ಹೊರಟು ಕರೆಂಟು ಬಂದ ಕ್ಷಣದಲ್ಲಿ ಕಂಡದ್ದನ್ನು, "ಒಳಗ ದೀಪಾ ಹಚ್ಚಿದಂಗ ಕಾಣ್ತದ, ನೀಲಿ ದೀಪ" ಎಂದಿದ್ದರು. ಸುಟ್ಟ ವಾಸನೆಯ ಮಾತನ್ನು ಎರಡು ಸಲ ಎತ್ತಿದ್ದರು. ಕೊನೆಕೊನೆಗೆ, "ನಿಂತಾಗ ಜರ ಅಲ್ಲಾಡಿಸಿದ್ರ ಮತ್ತ ಶುರು ಆಗ್ತದ" ಎಂದು ತಾವೇ ಕಂಡುಕೊಂಡ ಉಪಾಯವನ್ನೂ ತಿಳಿಸಿದ್ದರು. ಪ್ರತಿ ಸಲವೂ ನನ್ನ ಉತ್ತರ ಒಂದೇ ಆಗಿತ್ತು: ನೋಡೋಣ ಅತ್ತಿ. ಎಪ್ಪತ್ತೆರಡು ವರ್ಷದ ಹಿರಿಯರು ಆಡಿದ ಆ ನಾಲ್ಕು ಮಾತುಗಳನ್ನು ಅಂದು ರಾತ್ರಿ ಒಂದರ ಪಕ್ಕ ಒಂದಿಟ್ಟು ನೋಡಿದಾಗ, ಪ್ರೌಢಶಾಲೆಯಲ್ಲಿ ಹಲವು ವರ್ಷ ವಿದ್ಯುತ್ ಮೋಟಾರಿನ ಪಾಠ ಮಾಡಿದ ನನಗೆ ರೋಗ ಯಾವುದೆಂದು ಹೊಳೆಯಲು ಐದು ನಿಮಿಷವೂ ಬೇಕಾಗಲಿಲ್ಲ. ಸುಟ್ಟ ಮೋಟರ್ ಅಲ್ಲಾಡಿಸಿದರೆ ಏಳುವುದಿಲ್ಲ. ಅಲ್ಲಾಡಿಸಿದಾಗ ಏಳುತ್ತದೆ ಎಂದರೆ, ಎಲ್ಲೋ ಒಂದು ಕಡೆ ತಾಗಬೇಕಾದದ್ದು ತಾಗುತ್ತಿಲ್ಲ ಎಂದೇ ಅರ್ಥ.

ತಾಗಬೇಕಾದ ಆ ವಸ್ತುವಿನ ಹೆಸರು ಕಾರ್ಬನ್ ಬ್ರಷ್. ನಮ್ಮ ಪಠ್ಯದಲ್ಲಿ ಅದನ್ನು ಕುಂಚ ಎಂದು ಕರೆದಿದೆ. ಚಿತ್ರದಲ್ಲಿ ಎರಡು ಚಿಕ್ಕ ಚೌಕಗಳಂತೆ ಕಾಣುವ ಅದಕ್ಕೆ ಕುಂಚ ಎಂಬ ಹೆಸರು ಯಾಕೆ ಮೇಡಂ, ಕೂದಲೇ ಇಲ್ಲವಲ್ಲ ಎಂದು ಒಬ್ಬ ಹುಡುಗಿ ಹಿಂದೊಮ್ಮೆ ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಮೊದಮೊದಲ ವಿದ್ಯುತ್ ಯಂತ್ರಗಳಲ್ಲಿ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸಲು ತಾಮ್ರದ ತಂತಿಗಳ ಕಟ್ಟನ್ನು ನಿಜವಾಗಿಯೂ ಕುಂಚದಂತೆ ಕಟ್ಟಿ ತಾಗಿಸಿಡುತ್ತಿದ್ದರು. ತಾಮ್ರ ತಾಮ್ರವನ್ನೇ ಉಜ್ಜಿ ಎರಡೂ ಹಾಳಾಗುತ್ತಿದ್ದವು, ಕಿಡಿಯೂ ಹೆಚ್ಚು. ಅದರ ಬದಲು ಇಂಗಾಲದ ತುಂಡು ಬಳಸುವ ವಿಧಾನಕ್ಕೆ ಜಾರ್ಜ್ ಫೋರ್ಬ್ಸ್ ಎಂಬ ಸ್ಕಾಟ್ಲೆಂಡಿನ ವಿಜ್ಞಾನಿ 1885ರಲ್ಲಿ ಪೇಟೆಂಟ್ ಪಡೆದರು. ಇಂಗಾಲ ಮೆತ್ತಗಿನದು, ತಾನು ಸವೆಯುತ್ತದೆ, ತಾಮ್ರವನ್ನು ಉಳಿಸುತ್ತದೆ. ಕೂದಲು ಹೋಯಿತು, ಹೆಸರು ಉಳಿಯಿತು.

ಮಿಕ್ಸಿಗೆ ಈ ಬ್ರಷ್ಷಿನ ಉಸಾಬರಿ ಯಾಕೆ ಬೇಕು, ಛಾವಣಿಯ ಫ್ಯಾನು ವರ್ಷಗಟ್ಟಲೆ ಬ್ರಷ್ಷೇ ಇಲ್ಲದೆ ತಿರುಗುತ್ತದಲ್ಲ ಎಂದು ಕೇಳಬಹುದು. ಉತ್ತರ ವೇಗದಲ್ಲಿದೆ. ಫ್ಯಾನಿನದು ಇಂಡಕ್ಷನ್ ಮೋಟರ್. ಅದು ನಮ್ಮ ಗೋಡೆಯ ಪ್ಲಗ್ಗಿನಲ್ಲಿ ಬರುವ 50 ಹರ್ಟ್ಸ್ ಕರೆಂಟಿನ ತಾಳಕ್ಕೆ ಕಟ್ಟುಬಿದ್ದದ್ದು, ಏನೇ ಮಾಡಿದರೂ ನಿಮಿಷಕ್ಕೆ 3,000 ಸುತ್ತನ್ನು ದಾಟಲಾರದು. ಒಣ ಅರಿಸಿನ ಕೊಂಬನ್ನು, ಹುರಿದ ಅಗಸಿಯನ್ನು ಅಂಗೈಯಗಲದ ಜಾರಿನೊಳಗೆ ಹಿಟ್ಟು ಮಾಡಬೇಕಾದರೆ ಬ್ಲೇಡು ನಿಮಿಷಕ್ಕೆ 18,000 ಸುತ್ತಿನ ಆಸುಪಾಸಿನಲ್ಲಿ ಹೊರಳಬೇಕು, ಎಂದರೆ ಸೆಕೆಂಡಿಗೆ ಸುಮಾರು 300 ಸುತ್ತು. ಅದಕ್ಕಾಗಿ ಮಿಕ್ಸಿಯೊಳಗೆ ಕೂಡಿಸುವುದು ಯೂನಿವರ್ಸಲ್ ಮೋಟರ್. ಅದರಲ್ಲಿ ಹೊರಗೆ ನಿಂತ ಫೀಲ್ಡ್ ಕಾಯಿಲ್ ಮತ್ತು ಒಳಗೆ ತಿರುಗುವ ಆರ್ಮೇಚರ್ ಒಂದರ ಹಿಂದೆ ಒಂದರಂತೆ ಒಂದೇ ಸಾಲಿನಲ್ಲಿ ಇರುತ್ತವೆ. ಕರೆಂಟಿನ ದಿಕ್ಕು ಬದಲಾದಾಗ ಎರಡರಲ್ಲೂ ಒಟ್ಟಿಗೇ ಬದಲಾಗುವುದರಿಂದ ತಿರುಗುವ ದಿಕ್ಕು ಮಾತ್ರ ಬದಲಾಗುವುದಿಲ್ಲ. ಆದರೆ ಅಷ್ಟು ವೇಗದಲ್ಲಿ ತಿರುಗುತ್ತಿರುವ ಆರ್ಮೇಚರಿಗೆ ತಂತಿ ಬೆಸೆಯಲು ಆಗುವುದಿಲ್ಲ, ಬೆಸೆದರೆ ಮೊದಲ ಸುತ್ತಿನಲ್ಲೇ ತಿರುಚಿ ಹರಿಯುತ್ತದೆ. ಹಾಗಾಗಿ ಎರಡು ಇಂಗಾಲದ ತುಂಡುಗಳು, ಹಿಂದಿನಿಂದ ಸ್ಪ್ರಿಂಗು ನೂಕುತ್ತಿರಲು, ತಾಮ್ರದ ಪಟ್ಟಿಗಳ ಉರುಳೆಯಾದ ಕಮ್ಯುಟೇಟರಿಗೆ ಎರಡೂ ಬದಿಯಿಂದ ಒತ್ತಿಕೊಂಡು ಕರೆಂಟು ಮುಟ್ಟಿಸುತ್ತವೆ. ಅವು ಸವೆದು ಗಿಡ್ಡವಾದಾಗ ಸ್ಪ್ರಿಂಗಿನ ಒತ್ತು ಸಡಿಲವಾಗುತ್ತದೆ. ಆಗ ಬ್ರಷ್ ತಾಮ್ರದ ಮೇಲೆ ಕುಣಿಯತೊಡಗುತ್ತದೆ. ಆ ಕುಣಿತದ ಸದ್ದೇ ಕೊರಳು ಬಿದ್ದದ್ದು, ಕುಣಿದಾಗಲೆಲ್ಲ ಹಾರುವ ಕಿಡಿಯೇ ನೀಲಿ ದೀಪ, ಕಿಡಿಗೆ ಕರಿಕಾದ ಕಮ್ಯುಟೇಟರಿನದೇ ವಾಸನೆ. ಪೂರ್ತಿ ಸವೆದಾಗ ಅಲ್ಲಾಡಿಸಿದರೆ ಮಾತ್ರ ಒಂದು ಕ್ಷಣ ತಾಗುತ್ತದೆ. ಅತ್ತೆಯವರು ಹೇಳದೆ ಬಿಟ್ಟ ಲಕ್ಷಣ ಒಂದೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಪಡಸಾಲೆಯ ಫರಸಿಯ ಮೇಲೆ ಹಳೆಯ ಕೌದಿ ಹಾಸಿ, ಪ್ಲಗ್ ಕಿತ್ತ ಮಿಕ್ಸಿಯನ್ನು ತಲೆಕೆಳಗಾಗಿ ಇಟ್ಟೆ. ಶಹಾಬಾದಿನ ಕಲ್ಲಿನ ನೆಲ ಇಂಥ ಕೆಲಸಕ್ಕೆ ಬಲು ಅನುಕೂಲ, ಬಿದ್ದ ಸ್ಕ್ರೂ ಎಲ್ಲಿ ಉರುಳಿತೆಂದು ಸದ್ದಿನಿಂದಲೇ ತಿಳಿಯುತ್ತದೆ. ಪಕ್ಕದಲ್ಲಿ ಸ್ಕ್ರೂ ಡ್ರೈವರು, ಪಕ್ಕಡ, ತಂತಿಯಲ್ಲಿ ಕರೆಂಟಿನ ದಾರಿ ಸರಿಯಿದೆಯೇ ಎಂದು ಅಳೆದು ನೋಡಲು ಶಾಲೆಯ ಪ್ರಯೋಗಾಲಯದಿಂದ ಕೇಳಿ ತಂದ ಮಲ್ಟಿಮೀಟರ್ ಇದ್ದವು. ತಳದ ತಗಡಿನ ಮೇಲೆ 230 ವೋಲ್ಟ್, 50 ಹರ್ಟ್ಸ್, 750 ವ್ಯಾಟ್, 30 ನಿಮಿಷ ಎಂದು ಬರೆದಿತ್ತು. ಆ 30 ನಿಮಿಷದ ಅರ್ಥವನ್ನು ನಾನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ಅದು ಯಂತ್ರ ನಿರಂತರವಾಗಿ ಓಡಲು ಮಾಡಿದ್ದಲ್ಲ, ನಡುನಡುವೆ ನಿಲ್ಲಿಸಿ ಆರಗೊಡಬೇಕು ಎಂದು ಹೇಳುವ ಅಂಕೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನ ಅಡುಗೆಮನೆಯಲ್ಲಿ, ಮೋಟರನ್ನು ತಂಪು ಮಾಡಲು ಅದರ ತಳದ ಫ್ಯಾನು ಒಳಗೆಳೆಯುವ ಗಾಳಿಯೇ ಬಿಸಿಯಾಗಿರುವಾಗ, ಆ ಮಾತಿಗೆ ಇನ್ನಷ್ಟು ತೂಕ ಬರುತ್ತದೆ. ತಳದ ಕೆಂಪು ಗುಂಡಿ ಇರುವುದೂ ಇದಕ್ಕಾಗಿಯೇ. ಮೋಟರಿನ ಮೇಲೆ ಭಾರ ಹೆಚ್ಚಾಗಿ ಕರೆಂಟು ಮಿತಿಮೀರಿ ಹರಿದಾಗ ಆ ಗುಂಡಿ ತಾನಾಗಿ ಹೊರಕ್ಕೆ ಜಿಗಿದು ದಾರಿ ಕಡಿಯುತ್ತದೆ. ಆರಲು ಬಿಟ್ಟು ಮತ್ತೆ ಒಳಗೆ ಒತ್ತಿದರೆ ಸಾಕು. ಅದನ್ನು ಒತ್ತುವುದು ತಿಳಿಯದೆ ಮಿಕ್ಸಿ ಕೆಟ್ಟಿತೆಂದು ಅಂಗಡಿಗೆ ಒಯ್ದವರನ್ನು ನಾನು ಕಂಡಿದ್ದೇನೆ.

ನಾಲ್ಕು ಸ್ಕ್ರೂಗಳು ರಬ್ಬರಿನ ಕಾಲುಗಳ ಒಳಗೆ ಅಡಗಿದ್ದವು. ತಳ ಬಿಚ್ಚಿದ ಕೂಡಲೇ ಒಳಗಿನಿಂದ ಖಾರದ ಘಾಟು ಎದ್ದು ನನಗೂ ಅತ್ತೆಯವರಿಗೂ ಸೀನು ಹತ್ತಿತು. ಒಳಗೆ ನಮ್ಮ ಹನ್ನೊಂದು ವರ್ಷದ ಅಡುಗೆ ಪದರ ಪದರವಾಗಿ ಕುಳಿತಿತ್ತು. ಗಾಳಿ ಒಳಬರುವ ಸಂದುಗಳಲ್ಲಿ ಶೇಂಗಾದ ಕೆಂಪು ಸಿಪ್ಪೆಗಳು, ತಂತಿಗಳ ಮೇಲೆ ಎಣ್ಣೆಗೆ ಅಂಟಿಕೊಂಡ ಅರಿಸಿನ, ಮೂಲೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಧೂಳು, ಕಮ್ಯುಟೇಟರಿನ ಸುತ್ತ ಮಾತ್ರ ಕಾಡಿಗೆಯಂತಹ ಕಪ್ಪು. ಆ ಕಪ್ಪು ಪುಡಿಯೇ ಸವೆದ ಬ್ರಷ್. ಅತ್ತೆಯವರು ಪಕ್ಕದಲ್ಲಿ ಕುಳಿತು ಬಹಳ ಹೊತ್ತು ಅದನ್ನೇ ನೋಡಿದರು. "ನಾ ಬೀಸಿದ್ದು ಎಲ್ಲಾ ಇಲ್ಲೇ ಅದ" ಎಂದರು. ಅವರ ದನಿಯಲ್ಲಿ ದುಃಖವೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಹೊಲ ಕಂಡು ಬಂದವರು ಬೆಳೆ ಎಷ್ಟೆತ್ತರ ಬಂದಿದೆ ಎಂದು ಹೇಳುವ ಧಾಟಿ ಇತ್ತು.

ಪ್ರತಿ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಫೋನಿನಲ್ಲಿ ಚಿತ್ರ ತೆಗೆದುಕೊಂಡೆ. ಮನೆಯಲ್ಲಿ ಏನನ್ನೇ ಬಿಚ್ಚುವವರು ಕಲಿಯಬೇಕಾದ ಮೊದಲ ಅಭ್ಯಾಸ ಇದು ಎಂದು ನನ್ನ ಎಣಿಕೆ. ಪಿತ್ತಾಳೆಯ ಗೂಡಿನಿಂದ ಬ್ರಷ್ಷುಗಳನ್ನು ಹೊರಗೆಳೆದಾಗ ಒಂದು ಉಗುರಿನ ಅರ್ಧದಷ್ಟು ಉಳಿದಿತ್ತು. ಇನ್ನೊಂದು ತೊಗರಿ ಬೇಳೆಯ ದಪ್ಪಕ್ಕೆ ಇಳಿದಿತ್ತು. ಮೋಟರ್ ನಿಜಕ್ಕೂ ಸುಟ್ಟಿದೆಯೇ ಎಂದು ನೋಡುವುದು ಇನ್ನೂ ಉಳಿದಿತ್ತು. ಮಲ್ಟಿಮೀಟರಿನ ಎರಡು ಮೊನೆಗಳನ್ನು ಕಮ್ಯುಟೇಟರಿನ ಅಕ್ಕಪಕ್ಕದ ಪಟ್ಟಿಗಳಿಗೆ ತಾಗಿಸುತ್ತ ಒಂದು ಸುತ್ತು ಬಂದೆ. ಎಲ್ಲ ಜೋಡಿಗಳಲ್ಲೂ ಅಂಕೆ ಹೆಚ್ಚುಕಡಿಮೆ ಒಂದೇ ಬಂತು. ಎಲ್ಲಾದರೂ ಸುರುಳಿ ಹರಿದಿದ್ದರೆ ಅಲ್ಲಿ ಅಂಕೆ ಜಿಗಿಯುತ್ತಿತ್ತು. ನಂತರ ಒಂದು ಮೊನೆಯನ್ನು ಪಟ್ಟಿಗೂ ಇನ್ನೊಂದನ್ನು ಉಕ್ಕಿನ ದಂಡಕ್ಕೂ ಇಟ್ಟೆ. ಮೀಟರ್ ಮಿಸುಕಲಿಲ್ಲ, ಎಂದರೆ ಕರೆಂಟು ಲೋಹದ ಮೈಗೆ ಸೋರುತ್ತಿಲ್ಲ. ಫೀಲ್ಡ್ ಕಾಯಿಲಿನ ಮೇಲಿನ ವಾರ್ನಿಷ್ ಕರಿಕಾಗಿರಲಿಲ್ಲ. ಮೋಟರ್ ಸುಟ್ಟಿರಲಿಲ್ಲ. ಸುರುಳಿ ಸುಟ್ಟಿದ್ದರೆ ನಾನು ಅಲ್ಲಿಗೇ ಕೈಬಿಡುತ್ತಿದ್ದೆ, ಏಕೆಂದರೆ ತಂತಿ ಮರುಸುತ್ತುವುದು ಅದೇ ಕಸುಬಿನವರು ಮಾಡಬೇಕಾದ ಕೆಲಸ.

ಹೊಸ ಬ್ರಷ್ ಸಿಕ್ಕಿದ್ದು ಸೂಪರ್ ಮಾರ್ಕೆಟ್ ಬಳಿಯ ಗಲ್ಲಿಯೊಂದರಲ್ಲಿ ಬಿಡಿಭಾಗ ಮಾರುವ ಕಿರಿದಾದ ಅಂಗಡಿಯಲ್ಲಿ. ಅಲ್ಲಿನ ವೃದ್ಧರು ಕಂಪನಿಯ ಹೆಸರು ಕೇಳಲೇ ಇಲ್ಲ. "ಹಳೇದು ತಂದೀರೇನ್ರಿ? ಅದಿದ್ರ ಸಾಕು" ಎಂದು ನನ್ನ ಕಾಗದದ ಪೊಟ್ಟಣ ಬಿಚ್ಚಿ, ಸವೆದ ತುಂಡಿನ ಅಗಲವನ್ನೂ ದಪ್ಪವನ್ನೂ ಹತ್ತಾರು ಡಬ್ಬಿಗಳ ಬ್ರಷ್ಷುಗಳ ಜೊತೆ ಕಣ್ಣಿನಲ್ಲೇ ಅಳೆದು ಒಂದು ಜೋಡಿ ಆರಿಸಿಕೊಟ್ಟರು. 80 ರೂಪಾಯಿ. ಮೋಟರಿನ ದಂಡದ ತುದಿಯಲ್ಲಿ ಕೂತು ಜಾರಿನ ಬ್ಲೇಡನ್ನು ತಿರುಗಿಸುವ ಕಪ್ಲರಿನ ಹಲ್ಲುಗಳೂ ಸವೆದಿದ್ದವು ಎಂದು ಅದನ್ನೂ ಕೊಂಡೆ. ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ನೇಮಿಸಿ, ಅದೇ ವರ್ಷ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ಒಂದು ಜಾಲತಾಣವನ್ನೂ ತೆರೆಯಿತು. ತಯಾರಕರು ದುರಸ್ತಿಯ ಮಾಹಿತಿಯನ್ನು ಗ್ರಾಹಕರಿಗೆ ಒಂದೆಡೆ ಸಿಗುವಂತೆ ಮಾಡಬೇಕೆಂಬುದು ಅದರ ಆಶಯ. ಒಳ್ಳೆಯ ಕೆಲಸವೇ. ಆದರೆ ಆ ಹಕ್ಕು ನನ್ನ ಮಟ್ಟಿಗೆ ಈ ಗಲ್ಲಿಯ ಅಂಗಡಿ ತೆರೆದಿರುವುದರಲ್ಲಿ, ಆ ವೃದ್ಧರ ಕಣ್ಣಳತೆಯಲ್ಲಿ ಇದೆ. ಅವರ ನಂತರ ಆ ಡಬ್ಬಿಗಳ ಮುಂದೆ ಯಾರು ಕೂರುತ್ತಾರೆ ಎಂಬ ಚಿಂತೆ ದಾರಿಯುದ್ದಕ್ಕೂ ನನ್ನನ್ನು ಕಾಡಿತು.

ಮನೆಗೆ ಬಂದು ಹಳೆಯ ಬಣ್ಣದ ಬ್ರಷ್ಷಿನಿಂದ ಧೂಳನ್ನೆಲ್ಲ ತೆಗೆದೆ. ಇಂಗಾಲದ ಪುಡಿಯಲ್ಲಿ ಕರೆಂಟು ಹರಿಯುವುದರಿಂದ ಅದನ್ನು ಒಳಗೆ ಬಿಡುವಂತಿರಲಿಲ್ಲ. ಕಮ್ಯುಟೇಟರಿನ ಕರಿಕನ್ನು ನಯವಾದ ಸ್ಯಾಂಡ್ ಪೇಪರಿನಿಂದ ಮೆಲ್ಲಗೆ ಉಜ್ಜಿದಾಗ ತಾಮ್ರ ಹೊಸ ತಂಬಿಗೆಯಂತೆ ಬೆಳಗಿತು. ಪಟ್ಟಿಗಳ ನಡುವಿನ ಸಂದುಗಳಲ್ಲಿ ತುಂಬಿದ್ದ ಕಪ್ಪನ್ನು ಚೂಪು ಮಾಡಿದ ಬಿದಿರು ಕಡ್ಡಿಯಿಂದ ಒಂದೊಂದಾಗಿ ಬಿಡಿಸಿದೆ. ಕಪ್ಲರ್ ಮಾತ್ರ ಬಹಳ ಕಾಡಿತು. ದಂಡವನ್ನು ಕೆಳಗಿನಿಂದ ಪಕ್ಕಡದಲ್ಲಿ ಹಿಡಿದು, ಎಲ್ಲ ಸ್ಕ್ರೂ ಬಿಚ್ಚುವ ದಿಕ್ಕಿಗೆ ಶಕ್ತಿ ಹಾಕಿ ತಿರುಗಿಸಿದರೂ ಅದು ಅಲುಗಲಿಲ್ಲ. ಸುಮ್ಮನೆ ನೋಡುತ್ತಿದ್ದ ಅತ್ತೆಯವರು, ಅದು ಓಡುವಾಗ ಯಾವ ಕಡೆ ತಿರುಗುತ್ತದೆ ಎಂದು ಕೇಳಿದರು. ಬೀಸುಕಲ್ಲಿನ ಗೂಟ ಸಡಿಲಾದರೆ ಬೀಸುವ ದಿಕ್ಕಿಗೇ ಮೇಲೆದ್ದು ಬರುತ್ತಿತ್ತಂತೆ, ಅದಕ್ಕೆ ಕೂಡಿಸುವಾಗಲೇ ದಿಕ್ಕು ನೋಡುತ್ತಿದ್ದರಂತೆ. ಆಗ ನನಗೆ ತಿಳಿಯಿತು. ಓಡುವಾಗಿನ ಎಳೆತಕ್ಕೆ ಕಪ್ಲರ್ ತಾನಾಗಿ ಬಿಚ್ಚಿಕೊಳ್ಳಬಾರದು, ಬಿಗಿಯುತ್ತಲೇ ಹೋಗಬೇಕು ಎಂದು ಅದರ ಥ್ರೆಡ್ಡನ್ನು ಉಲ್ಟಾ ಕೊರೆದಿರುತ್ತಾರೆ. ಅಷ್ಟು ಹೊತ್ತೂ ನಾನು ಅದನ್ನು ಬಿಗಿಯುತ್ತಲೇ ಇದ್ದೆ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದಾಗ ಬಿಚ್ಚಿತು.

ಅಲ್ಲಿಂದ ಮಾತು ಬೀಸುಕಲ್ಲಿಗೆ ಹೊರಳಿತು. ಕಲ್ಲಿನ ಹಲ್ಲು ಸವೆದರೆ ಜೋಳ ಹಿಟ್ಟಾಗದೆ ನುಚ್ಚಾಗಿ ಬೀಳುತ್ತಿತ್ತು. ಆಗ ಓಣಿಯಲ್ಲಿ ಕೂಗುತ್ತ ಬರುವವರನ್ನು ಕರೆದು ಉಳಿಯಿಂದ ಕುಟ್ಟಿಸಬೇಕಿತ್ತು. ಹಲ್ಲು ಸವೆದದ್ದು ಹಿಟ್ಟು ನೋಡಿದರೆ ತಿಳಿಯುತ್ತಿತ್ತೇ ಎಂದು ಕೇಳಿದೆ. ಹಿಟ್ಟಿಗಿಂತ ಮೊದಲು ಸಪ್ಪಳಕ್ಕೆ ತಿಳಿಯುತ್ತಿತ್ತು ಎಂದರು ಅತ್ತೆಯವರು. ಸೊಸೆಯಾಗಿ ಬಂದ ಹೊಸದರಲ್ಲಿ ಅವರ ಅತ್ತೆ ಒಳಗಿನ ಕೋಣೆಯಲ್ಲಿ ಮಲಗಿಕೊಂಡೇ, ಕಲ್ಲಿನ ದನಿ ಕೇಳಿ, ಇವತ್ತು ಕಾಳು ಹೆಚ್ಚು ಹಾಕುತ್ತಿದ್ದಿ, ಕೈ ಹಿಡಿ ಎಂದು ಕೂಗುತ್ತಿದ್ದರಂತೆ. ಮಿಕ್ಸಿಯ ಕೊರಳು ಬಿದ್ದದ್ದನ್ನು ಮೊದಲು ಕೇಳಿದ ಕಿವಿ ಎಲ್ಲಿ ಪಳಗಿದ್ದು ಎಂಬುದು ನನಗೆ ಅರ್ಥವಾದದ್ದು ಆಗ.

ನಮ್ಮ ದೇಶದ ಮಿಕ್ಸಿಯ ಹುಟ್ಟೂ ಇಂಥದೇ ಒಂದು ಅಡುಗೆಮನೆಯ ದೂರಿನಿಂದ ಆಯಿತು ಎಂಬುದನ್ನು ಅವರಿಗೆ ಹೇಳಿದೆ. 1960ರ ದಶಕದ ಆರಂಭದಲ್ಲಿ ಮುಂಬಯಿಯ ಮಾಧುರಿ ಮಾಥುರ್ ಅವರ ಬಳಿ ಜರ್ಮನಿಯ ಬ್ರೌನ್ ಮಿಕ್ಸರ್ ಇತ್ತು. ಯುರೋಪಿನ ಮೆತ್ತನೆಯ ಅಡುಗೆಗೆಂದು ಮಾಡಿದ ಅದರ ಮೋಟರ್ ನಮ್ಮ ಮಸಾಲೆಯ ಭಾರ ತಾಳದೆ ಕೆಟ್ಟಿತು, ಇಲ್ಲಿ ಅದನ್ನು ದುರಸ್ತಿ ಮಾಡಿಸುವ ವ್ಯವಸ್ಥೆ ಇರಲಿಲ್ಲ. ಸೀಮೆನ್ಸ್ ಕಂಪನಿಯಲ್ಲಿ ಎಂಜಿನಿಯರಾಗಿದ್ದ ಅವರ ಪತಿ ಸತ್ಯಪ್ರಕಾಶ ಮಾಥುರ್ ಹೆಂಡತಿಯ ಮಾತನ್ನು ಸವಾಲಾಗಿ ತೆಗೆದುಕೊಂಡು, ನಮ್ಮ ಅಡುಗೆಗೆ ತಡೆಯುವ ಮೋಟರಿನ ಯಂತ್ರ ರೂಪಿಸತೊಡಗಿದರು. 1963ರಲ್ಲಿ ಆರಂಭವಾದ ಅವರ ಕಂಪನಿಯಿಂದ ಬಂದದ್ದೇ ಸುಮೀತ್ ಮಿಕ್ಸಿ. ಅತ್ತೆಯವರು ಕೈಯಲ್ಲಿದ್ದ ಹಳೆಯ ಬ್ರಷ್ಷನ್ನು ತಿರುಗಿಸಿ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡರು. "ಆಕಿ ಗಂಡ ಕೇಳ್ಯಾನ ಅನ್ನು" ಎಂದಷ್ಟೇ ಅಂದರು. ನನ್ನ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ.

ಎಲ್ಲ ಕೂಡಿಸಿ, ಜಾರು ಇಡದೆ, ಮೊದಲ ವೇಗದಲ್ಲಿ ಗುಂಡಿ ತಿರುಗಿಸಿದೆ. ಮೋಟರ್ ತಿರುಗಿತು, ಆದರೆ ಕಿಡಿ ಮೊದಲಿನಂತೆಯೇ ಹಾರಿತು. ಒಂದು ಕ್ಷಣ ನನ್ನ ಎದೆ ಕುಸಿಯಿತು. ಹೊಸ ಬ್ರಷ್ಷಿನ ಮುಖ ಚಪ್ಪಟೆ, ಕಮ್ಯುಟೇಟರ್ ದುಂಡು. ಎರಡೂ ಒಂದಕ್ಕೊಂದು ಪೂರ್ತಿ ತಾಗಲು ಬ್ರಷ್ ಕೊಂಚ ಸವೆದು ಆ ದುಂಡಿಗೆ ಹೊಂದಬೇಕು ಎಂಬುದು ನೆನಪಾಯಿತು. ಒಂದೆರಡು ನಿಮಿಷ ಓಡಿಸುವುದು, ಆರಗೊಡುವುದು, ಮತ್ತೆ ಓಡಿಸುವುದು, ಹೀಗೆ ಆರೇಳು ಸಲ ಖಾಲಿಯಾಗಿಯೇ ಓಡಿಸಿದೆ. ಕಿಟಕಿ ಮುಚ್ಚಿ, ಲೈಟು ಆರಿಸಿ, ಗಾಳಿಯ ಸಂದಿನಲ್ಲಿ ಇಣುಕಿ ನೋಡುತ್ತಿದ್ದೆವು. ಪ್ರತಿ ಸಲವೂ ನೀಲಿ ಬೆಳಕು ಸಣ್ಣದಾಗುತ್ತ ಬಂದು, ಕೊನೆಗೆ ಎರಡು ಸಾಸಿವೆ ಕಾಳಿನಷ್ಟಕ್ಕೆ ನಿಂತಿತು. ಅಷ್ಟು ಕಿಡಿ ಇಂಥ ಮೋಟರಿನಲ್ಲಿ ಇದ್ದೇ ಇರುತ್ತದೆ.

ಸಂಜೆ ಅತ್ತೆಯವರು ಪರಾತದಲ್ಲಿ ಉಳಿದಿದ್ದ ಅರೆನುರಿದ ಶೇಂಗಾವನ್ನೇ ಮೊದಲು ಹಾಕಿದರು. ಮುಚ್ಚಳದ ಮೇಲೆ ಅಂಗೈ ಇಟ್ಟು, ಕತ್ತು ಕೊಂಚ ವಾಲಿಸಿ, ಕಣ್ಣು ಮುಚ್ಚಿ ನಿಂತರು. ಪುಡಿಯಾದ ಶೇಂಗಾದ ಪರಿಮಳ ಪಡಸಾಲೆಯವರೆಗೂ ಬಂತು. ನಾನು ಸೌಟು ಹಿಡಿದು ಕಾಯುತ್ತಿದ್ದೆ. ಅವರು ಗುಂಡಿ ಆರಿಸಿ, "ಕೊರಳು ಬಂದದ ನೋಡವ್ವಾ" ಎಂದರು. ಆಮೇಲೆ ಸ್ವಲ್ಪ ತಡೆದು, "ಆದ್ರ ಜಾರಿನ ಬುಡದಾಗ ಒಂದ್ ಸಣ್ಣ ಸಪ್ಪಳ ಅದ. ಖಾರಾ ರುಬ್ಬಿದಾಗ ಜರ ನೀರೂ ಜಿನುಗ್ತದ" ಎಂದು ಸೇರಿಸಿದರು.

ನನಗೆ ಯಾವ ಸಪ್ಪಳವೂ ಕೇಳಿಸಿರಲಿಲ್ಲ. ಹಾಲಿನ ಲೆಕ್ಕ ಬರೆಯುವ ಪುಸ್ತಕ ತೆಗೆದು, ಆ ದಿನದ ತಾರೀಖು ಹಾಕಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡೆ. ಹಬ್ಬ ಮುಗಿದ ಮೊದಲ ಭಾನುವಾರ ಜಾರು ಬಿಚ್ಚಿದಾಗ ಬ್ಲೇಡಿನ ದಂಡ ಹಿಡಿಯುವ ಬುಷ್ ಒಂದು ಬದಿಗೆ ಸವೆದಿತ್ತು.